ನೈಲ್ ತೀರದ ಸ್ತ್ರೀಯರು ಕಲಿಸಿದ ಪಾಠ
(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬ ಮತ್ತು ಸಂಗಾತಿಗಳ ಮೇಲೆ ಸಲಾತ್, ಸಲಾಮ್‌ಗಳಿರಲಿ.



ಪ್ರವಾದಿ ಮೂಸಾ(ಅ)ರ ಚರಿತ್ರೆಯನ್ನು ನಾವೆಲ್ಲರೂ ಮಕ್ಕಳಿಗೆ ಹೇಳುತ್ತೇವೆ. ಆದರೆ ಗಂಡು ಶಿಶುಗಳನ್ನು ಕೊಲ್ಲಿಸುತ್ತಿದ್ದ ಫಿರ್‌ಔನನ ಕಾಲದಲ್ಲಿ ಆ ಮಗು ಬದುಕಿ ಉಳಿದದ್ದು ಹೇಗೆ? ಅಲ್ ಕಸಸ್ ಅಧ್ಯಾಯವು ನಮಗೆ ಮೂವರು ಸ್ತ್ರೀಯರನ್ನು ತೋರಿಸುತ್ತದೆ. ತಾಯಿ ಅಲ್ಲಾಹನ ಮೇಲೆ ಭರವಸೆಯಿಟ್ಟು ಮಗುವನ್ನು ನದಿಗೆ ಬಿಟ್ಟರು. ಅಕ್ಕ ಯಾರಿಗೂ ತಿಳಿಯದಂತೆ ದೂರದಿಂದ ಹಿಂಬಾಲಿಸಿದರು. ಫಿರ್‌ಔನನ ಪತ್ನಿ ಅರಮನೆಯೊಳಗೇ ಆಶ್ರಯ ಕೊಡಿಸಿದರು. ಅಲ್ಲಾಹನು ತನ್ನ ಯೋಜನೆಯನ್ನು ಈ ಮೂವರ ಕೈಯಿಂದ ನೆರವೇರಿಸಿದನು. ಅವರ ಬಳಿ ಆಯುಧವಿರಲಿಲ್ಲ.

ಅದೇ ನೈಲ್ ನದಿ ಹರಿಯುವ ಸುಡಾನಿನಲ್ಲಿ ನಮ್ಮ ಕಾಲದ ಸ್ತ್ರೀಯರೂ ಸೇನಾ ದಬ್ಬಾಳಿಕೆಯನ್ನು ಹೀಗೆಯೇ ಒಟ್ಟಾಗಿ ಎದುರಿಸಿದರು. ಅದು ಅವರಿಗೆ ಹೊಸದೇನೂ ಆಗಿರಲಿಲ್ಲ. ಅಲ್ಲಿನ ಮಹಿಳಾ ಒಕ್ಕೂಟ 1952ರಲ್ಲೇ ಹುಟ್ಟಿತ್ತು. 1964ರ ಅಕ್ಟೋಬರ್‌ನಲ್ಲಿ ಜನರಲ್ ಅಬ್ಬೂದ್‌ರ ಸೇನಾಡಳಿತದ ವಿರುದ್ಧ ಜನರು ಎದ್ದಾಗ ಈ ಒಕ್ಕೂಟವೂ ಬೀದಿಯಲ್ಲಿತ್ತು. ಮರುವರ್ಷ ಅದರ ನಾಯಕಿ ಫಾತಿಮಾ ಅಹ್ಮದ್ ಇಬ್ರಾಹೀಂ ಸಂಸತ್ತಿಗೆ ಆಯ್ಕೆಯಾದ ಮೊದಲ ಸ್ತ್ರೀಯಾದರು.

1989ರಲ್ಲಿ ಉಮರ್ ಅಲ್ ಬಶೀರ್ ಸೇನಾ ಕ್ರಾಂತಿಯಿಂದ ಅಧಿಕಾರ ಹಿಡಿದರು. ಆ ಸರ್ಕಾರ ಧರ್ಮದ ಹೆಸರು ಹೇಳಿತು. ಸಾರ್ವಜನಿಕ ಶಿಸ್ತಿನ ಕಾನೂನು ತಂದು, ಉಡುಪಿನ ನೆಪದಲ್ಲಿ ಸ್ತ್ರೀಯರನ್ನು ಬಂಧಿಸಿ ಛಡಿಯೇಟು ಕೊಡಿಸಿತು. ಬೀದಿಬದಿಯಲ್ಲಿ ಚಹಾ ಮಾರಿ ಮಕ್ಕಳನ್ನು ಸಾಕುತ್ತಿದ್ದ ಬಡ ತಾಯಂದಿರ ಪಾತ್ರೆಗಳನ್ನೂ ಕಿತ್ತುಕೊಂಡಿತು. ಇದು ದೀನ್ ಅಲ್ಲ, ದೀನ್‌ನ ಹೆಸರಿನ ಅಕ್ರಮ. ಅಕ್ರಮಿ ಆಡಳಿತಗಾರನ ಮುಂದೆ ಸತ್ಯ ನುಡಿಯುವುದನ್ನು ಪ್ರವಾದಿ(ಸ) ಶ್ರೇಷ್ಠ ಜಿಹಾದ್ ಎಂದು ಕಲಿಸಿದರು. ಆಡಳಿತಗಾರ ಮುಸ್ಲಿಮನಾದರೆ ವಿನಾಯಿತಿ ಇದೆಯೆಂದು ಹೇಳಲಿಲ್ಲ.

2018ರ ಡಿಸೆಂಬರ್‌ನಲ್ಲಿ ರೊಟ್ಟಿಯ ಬೆಲೆ ಒಂದು ಪೌಂಡ್‌ನಿಂದ ಮೂರಕ್ಕೇರಿದಾಗ ಅತ್‌ಬರಾ ನಗರದಲ್ಲಿ ಪ್ರತಿಭಟನೆ ಆರಂಭವಾಯಿತು. ನಂತರ ಖಾರ್ತೂಮ್‌ನ ಬೀದಿಗಳಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಸ್ತ್ರೀಯೊಬ್ಬಳು ಮದುವೆ ಮನೆಯಲ್ಲಿ ಹಾಕುವ ಸಂತಸದ ಕೇಕೆ ಹಾಕುತ್ತಿದ್ದಳು. ಮೆರವಣಿಗೆ ಹೊರಡಲು ಅದೇ ಸಂಕೇತ. ವಿದ್ಯಾರ್ಥಿನಿಯರು, ವೈದ್ಯೆಯರು, ಗೃಹಿಣಿಯರು ಜೊತೆಗೂಡಿದರು. ಸೇನಾ ಪ್ರಧಾನ ಕಚೇರಿಯ ಮುಂದಿನ ಧರಣಿಯಲ್ಲಿ ಚಹಾ ಮಾರುವ ತಾಯಂದಿರು ಸಾವಿರಾರು ಮಂದಿಗೆ ಅಡುಗೆ ಮಾಡಿ ಬಡಿಸಿದರು. 2019ರ ಏಪ್ರಿಲ್ 11ರಂದು ಬಶೀರ್ ಪದಚ್ಯುತರಾದರು.

ಆದರೆ ಸೇನೆ ಅಧಿಕಾರ ಬಿಡಲಿಲ್ಲ. ಜೂನ್ 3ರಂದು, ರಮಝಾನ್‌ನ ಕೊನೆಯ ದಿನಗಳಲ್ಲಿ, ಧರಣಿಯ ಮೇಲೆ ದಾಳಿ ನಡೆಯಿತು. ನೂರಕ್ಕೂ ಹೆಚ್ಚು ಜನರು ಕೊಲ್ಲಲ್ಪಟ್ಟರು. ಸ್ತ್ರೀಯರ ಮಾನಭಂಗ ನಡೆಯಿತು. ಹೆದರಿ ಮನೆ ಸೇರಲಿ ಎಂಬುದೇ ಅದರ ಉದ್ದೇಶ. ಒಂದು ತಿಂಗಳೂ ಕಳೆಯುವ ಮೊದಲೇ, ಜೂನ್ 30ರಂದು, ಅವರು ಮತ್ತೆ ಬೀದಿಗೆ ಬಂದರು. ಆ ವರ್ಷದ ನವೆಂಬರ್‌ನಲ್ಲಿ ಆ ಕಾನೂನು ರದ್ದಾಯಿತು.

ಇಲ್ಲಿಂದ ಮುಂದಿನದ್ದೇ ನಮಗೆ ಮುಖ್ಯವಾದ ಪಾಠ. ಅಧಿಕಾರ ಹಂಚುವಾಗ 11 ಸದಸ್ಯರ ಸಾರ್ವಭೌಮ ಮಂಡಳಿಯಲ್ಲಿ ಸ್ತ್ರೀಯರಿಗೆ ಸಿಕ್ಕಿದ್ದು ಎರಡು ಸ್ಥಾನ. ಶಾಸನಸಭೆಯಲ್ಲಿ ಕನಿಷ್ಠ ಶೇ. 40ರಷ್ಟು ಸ್ಥಾನ ನೀಡುವ ಒಪ್ಪಂದವಾಗಿತ್ತು, ಆ ಸಭೆಯೇ ರಚನೆಯಾಗಲಿಲ್ಲ. 2021ರ ಅಕ್ಟೋಬರ್‌ನಲ್ಲಿ ಸೇನೆ ಮತ್ತೆ ಅಧಿಕಾರ ಕಸಿಯಿತು. 2023ರ ಏಪ್ರಿಲ್‌ನಲ್ಲಿ ಎರಡು ಸಶಸ್ತ್ರ ಬಣಗಳ ನಡುವೆ ಯುದ್ಧವೇ ಶುರುವಾಯಿತು. ಆ ಯುದ್ಧದ ನಡುವೆಯೂ ಸಾಮೂಹಿಕ ಅಡುಗೆಮನೆಗಳನ್ನು ನಡೆಸಿ ಹಸಿದವರಿಗೆ ಉಣಿಸಿದವರಲ್ಲಿ ಅದೇ ಸ್ತ್ರೀಯರಿದ್ದರು.

ಸತ್ಯವಿಶ್ವಾಸಿ ಸ್ತ್ರೀ ಪುರುಷರು ಪರಸ್ಪರ ಸಹಾಯಕರು, ಒಳಿತನ್ನು ಆದೇಶಿಸಿ ಕೆಡುಕನ್ನು ತಡೆಯುವುದು ಇಬ್ಬರ ಹೊಣೆ ಎಂಬುದು ಅತ್ತೌಬಾ ಅಧ್ಯಾಯದ 71ನೇ ವಚನದ ಬೋಧನೆ. ಹೊಣೆ ಇಬ್ಬರದಾದರೆ ಸಮಾಲೋಚನೆಯೂ ಇಬ್ಬರದೇ. ಹುದೈಬಿಯಾದಲ್ಲಿ ಸಂಗಾತಿಗಳು ದುಃಖದಿಂದ ಕದಲದೆ ಕುಳಿತಾಗ ಪ್ರವಾದಿ(ಸ) ಹಝ್ರತ್ ಉಮ್ಮು ಸಲಮಾ(ರ)ರ ಸಲಹೆಯಂತೆ ನಡೆದರು, ಬಿಕ್ಕಟ್ಟು ನೀಗಿತು. ನಮ್ಮ ಜಮಾಅತ್‌ಗಳಲ್ಲಿ ಚಂದಾ ಸಂಗ್ರಹಕ್ಕೆ, ಇಫ್ತಾರ್ ಅಡುಗೆಗೆ, ಮಕ್ಕಳ ಶಿಕ್ಷಣಕ್ಕೆ ಸಹೋದರಿಯರು ಬೇಕು. ತೀರ್ಮಾನದ ಸಭೆಗೆ ಅವರನ್ನು ಕರೆಯುತ್ತೇವೆಯೇ? ಕಷ್ಟದಲ್ಲಿ ಜೊತೆಗಿದ್ದವರನ್ನು ತೀರ್ಮಾನದಲ್ಲಿ ಮರೆಯುವುದು ಕೃತಘ್ನತೆ. ಗೌರವ ಹೊಗಳಿಕೆಯಲ್ಲಿಲ್ಲ, ಹಕ್ಕನ್ನು ಕೊಡುವುದರಲ್ಲಿದೆ.

ಇಂದು ಮನೆಗೆ ಹೋದಾಗ ಮೂಸಾ(ಅ)ರ ಚರಿತ್ರೆಯನ್ನು ಮಕ್ಕಳಿಗೆ ಮತ್ತೆ ಹೇಳೋಣ. ಈ ಸಲ ಅವರ ತಾಯಿ ಮತ್ತು ಅಕ್ಕನಿಂದ ಆರಂಭಿಸೋಣ. ಸುಡಾನಿನ ಸಹೋದರಿಯರ ಹೆಸರಿನಲ್ಲಿ ದುಆ ಮಾಡೋಣ.

ಅಲ್ಲಾಹನೇ, ಅಕ್ರಮಕ್ಕೊಳಗಾದವರಿಗೆ ನೆರವಾಗು. ಸುಡಾನಿನ ಮನೆಗಳಿಗೆ ಶಾಂತಿ ಮರಳಿಸು. ನಮ್ಮನ್ನು ನ್ಯಾಯದ ಪರವಾಗಿ ನಿಲ್ಲುವವರನ್ನಾಗಿ ಮಾಡು. ಆಮೀನ್.