ಲಯ ತಪ್ಪಿದ ಹೃದಯ ಮತ್ತು ಕಂಪ್ಯೂಟರ್



ಹೃದ್ರೋಗ ತಜ್ಞರೂ ಸಮೀಕರಣ ಬಿಡಿಸುವವರೂ ಇಂದು ಒಂದೇ ಸಭಾಂಗಣದಲ್ಲಿ ಕುಳಿತಿದ್ದೀರಿ. ಈ ಕೂಟ ಏಕೆ ಬೇಕು ಎಂಬುದನ್ನು ಒಂದು ಕಹಿ ಪ್ರಸಂಗದಿಂದಲೇ ಹೇಳುತ್ತೇನೆ.

ಹೃದಯಾಘಾತದಿಂದ ಚೇತರಿಸಿಕೊಂಡವರಲ್ಲಿ ನಡುನಡುವೆ ಹೆಚ್ಚುವರಿ ಬಡಿತಗಳು ಕಾಣಿಸಿಕೊಂಡರೆ ಹಠಾತ್ ಸಾವಿನ ಭಯ ಹೆಚ್ಚು. ಆ ಬಡಿತಗಳನ್ನು ಅಡಗಿಸಿದರೆ ಜೀವ ಉಳಿಯುತ್ತದೆಂದು 1980ರ ದಶಕದಲ್ಲಿ ಅನೇಕ ವೈದ್ಯರು ನಂಬಿದ್ದರು. ಎನ್‌ಕೈನೈಡ್, ಫ್ಲೆಕೈನೈಡ್ ಔಷಧಗಳು ಅವನ್ನು ಚೆನ್ನಾಗಿಯೇ ಅಡಗಿಸುತ್ತಿದ್ದವು. ಆದರೆ ಕಾಸ್ಟ್ ಎಂಬ ದೊಡ್ಡ ಪರೀಕ್ಷೆಯಲ್ಲಿ ಈ ಔಷಧ ಪಡೆದ 755 ಮಂದಿಯಲ್ಲಿ 63 ಜನ ತೀರಿಕೊಂಡರು. ಹುಸಿ ಗುಳಿಗೆ ನುಂಗಿದ 743 ಮಂದಿಯಲ್ಲಿ 26 ಜನ. 1989ರಲ್ಲಿ ಆ ಎರಡು ಔಷಧಗಳ ಪರೀಕ್ಷೆಯನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು.

ಹೀಗೇಕಾಯಿತೆಂದು ತಿಳಿಯಲು 2011ರಲ್ಲಿ ಸಂಶೋಧಕಿ ಕೊಲೀನ್ ಕ್ಲ್ಯಾನ್ಸಿ ಮತ್ತು ಸಂಗಡಿಗರು ಫ್ಲೆಕೈನೈಡನ್ನು ಕಂಪ್ಯೂಟರಿನೊಳಗಿನ ಹೃದಯಕ್ಕೆ ಕೊಟ್ಟು ನೋಡಿದರು. ಸೋಡಿಯಂ ನಾಳಕ್ಕೆ ಔಷಧ ಎಷ್ಟು ಬೇಗ ಅಂಟುತ್ತದೆ, ಎಷ್ಟು ನಿಧಾನವಾಗಿ ಬಿಡುತ್ತದೆ ಎಂಬುದರಿಂದ ಅವರ ಲೆಕ್ಕ ಶುರುವಾಯಿತು. ಒಂಟಿ ಜೀವಕೋಶದಲ್ಲಿ ಅಪಾಯವೇ ಕಾಣಲಿಲ್ಲ. ಕೋಶಗಳನ್ನು ಜೋಡಿಸಿ ಅಂಗಾಂಶ ಕಟ್ಟಿ, ಬಡಿತದ ವೇಗ ಏರಿಸಿದಾಗ ಚಿತ್ರ ಬದಲಾಯಿತು. ವಿದ್ಯುತ್ ಅಲೆ ನಿಧಾನಗೊಂಡಿತು. ಹೊತ್ತಲ್ಲದ ಹೊತ್ತಿನಲ್ಲಿ ಒಂದು ಹೆಚ್ಚುವರಿ ಬಡಿತ ಬಿದ್ದಾಗ ಅಲೆ ಮುರಿದು, ಬಂದ ದಾರಿಗೇ ಮರಳಿ ಸುತ್ತತೊಡಗಿತು. ಮೊಲದ ಹೃದಯದ ಮೇಲಿನ ಪ್ರಯೋಗವೂ ಇದನ್ನೇ ತೋರಿಸಿತು. ಈ ಲೆಕ್ಕ ಮೂವತ್ತು ವರ್ಷ ಮೊದಲೇ ಸಾಧ್ಯವಾಗಿದ್ದರೆ ಎಂದು ಯೋಚಿಸಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಲಯ ತಪ್ಪುವುದು ಕೋಶದ ಕಥೆಯಷ್ಟೇ ಅಲ್ಲ, ಅಲೆ ಹಾಯುವ ನೆಲದ ಕಥೆಯೂ ಹೌದು. ಇದರ ಬಗ್ಗೆ ಬೆಂಗಳೂರಿನಲ್ಲಿ ಒಳ್ಳೆಯ ಕೆಲಸ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ರಾಹುಲ್ ಪಂಡಿತ್, ಟಿ.ಕೆ. ಶಾಜಹಾನ್ ಮತ್ತು ಚೆನ್ನೈನ ಸೀತಾಭ್ರ ಸಿನ್ಹಾ 2007ರಲ್ಲಿ ಹೃತ್ಕುಕ್ಷಿಯ ಗಣಿತ ಮಾದರಿಯಲ್ಲಿ ವಿದ್ಯುತ್ ಹರಿಯದ ಒಂದು ತುಣುಕನ್ನು ಇಟ್ಟು ನೋಡಿದರು. ಹೊಳೆಯ ನಡುವಿನ ಬಂಡೆಯಂಥ ಆ ತುಣುಕನ್ನು ಕೊಂಚ ಅತ್ತಿತ್ತ ಸರಿಸಿದರೆ ಸಾಕು, ಸುರುಳಿ ಅಲೆ ಒಮ್ಮೆ ಅದಕ್ಕೆ ಕಚ್ಚಿಕೊಳ್ಳುತ್ತದೆ, ಒಮ್ಮೆ ಚೂರಾಗಿ ಅಲ್ಲೋಲಕಲ್ಲೋಲವಾಗುತ್ತದೆ, ಇನ್ನೊಮ್ಮೆ ಅಳಿಸಿಯೇ ಹೋಗುತ್ತದೆ. ಒಂದೇ ಬಗೆಯ ಗಾಯ ಇಬ್ಬರು ರೋಗಿಗಳಲ್ಲಿ ಬೇರೆ ಬೇರೆಯಾಗಿ ವರ್ತಿಸುವುದನ್ನು ವಾರ್ಡಿನಲ್ಲಿ ಕಂಡವರಿಗೆ ಇದರ ಬೆಲೆ ಗೊತ್ತು.

ಮಾದರಿಗಳು ಅಪೂರ್ಣ ಎಂಬ ಆಕ್ಷೇಪ ನಿಜ. ಶರೀರವಿಜ್ಞಾನಿ ಡೆನಿಸ್ ನೋಬಲ್ ಲಂಡನ್ನಿನ ಮರ್ಕ್ಯುರಿ ಕಂಪ್ಯೂಟರಿನಲ್ಲಿ ರಾತ್ರಿ ಎರಡರಿಂದ ನಾಲ್ಕರವರೆಗೆ ಸಿಗುತ್ತಿದ್ದ ಬಿಡುವಿನಲ್ಲಿ ಲೆಕ್ಕ ಹಾಕಿ, 1960ರಲ್ಲಿ ಪ್ರಕಟಿಸಿದ ಹೃದಯಕೋಶದ ಮಾದರಿಯಲ್ಲಿ ಕ್ಯಾಲ್ಸಿಯಂ ಪ್ರವಾಹವೇ ಇರಲಿಲ್ಲ, ಅದಿನ್ನೂ ಪತ್ತೆಯಾಗಿರಲಿಲ್ಲ. ಆದರೂ ಆ ಕೋಶ ತಾನಾಗಿ ಮಿಡಿಯಿತು, ಮುಂದಿನವರಿಗೆ ದಾರಿಯಾಯಿತು.

ಈಗ ಆಯಾ ರೋಗಿಯ ಎಂಆರ್‌ಐ ಚಿತ್ರದಿಂದಲೇ ಅವರ ಹೃದಯದ ಪ್ರತಿರೂಪ ಕಟ್ಟಬಹುದು. ಜಾನ್ಸ್ ಹಾಪ್ಕಿನ್ಸ್‌ನ ನತಾಲಿಯಾ ಟ್ರಯನೋವಾ ತಂಡ 2016ರಲ್ಲಿ 41 ರೋಗಿಗಳಲ್ಲಿ ಹೀಗೆ ಮಾಡಿ, ಯಾರಿಗೆ ಅಪಾಯ ಹೆಚ್ಚು ಎಂಬುದನ್ನು ಸಾಮಾನ್ಯ ಅಳತೆಗಳಿಗಿಂತ ಚೆನ್ನಾಗಿ ಗುರುತಿಸಿತು. ಸಂಖ್ಯೆ ಚಿಕ್ಕದು, ಭರವಸೆ ದೊಡ್ಡದು.

ನನ್ನ ಚಿಂತೆ ನಮ್ಮ ರೋಗಿಗಳದು. ಬಾಲ್ಯದ ರುಮ್ಯಾಟಿಕ್ ಜ್ವರದಿಂದ ಮೈಟ್ರಲ್ ಕವಾಟ ಕಿರಿದಾಗಿ, ಎಡ ಹೃತ್ಕರ್ಣ ಹಿಗ್ಗಿ, ಚಿಕ್ಕ ವಯಸ್ಸಿಗೇ ಹೃತ್ಕರ್ಣ ಕಂಪಿಸತೊಡಗಿದ ಹೆಣ್ಣುಮಕ್ಕಳನ್ನು ನಮ್ಮ ಆಸ್ಪತ್ರೆಗಳು ಇಂದಿಗೂ ನೋಡುತ್ತಿವೆ. ಶ್ರೀಮಂತ ದೇಶಗಳಲ್ಲಿ ಈ ಕಾಯಿಲೆ ಬಹುತೇಕ ಮರೆಯಾಗಿದೆ. ಆ ಹಿಗ್ಗಿದ ಹೃತ್ಕರ್ಣದ ಮಾದರಿಯನ್ನು ನಾವಲ್ಲದೆ ಬೇರೆ ಯಾರು ಕಟ್ಟಬೇಕು? ಅದಕ್ಕೆ ಬೇಕಾದ ಗಣಿತ ನಮ್ಮಲ್ಲಿದೆ, ರೋಗಿಗಳ ಚಿತ್ರಗಳು ಆಸ್ಪತ್ರೆಯ ಕಪಾಟುಗಳಲ್ಲಿವೆ.

ಆದ್ದರಿಂದ ನಾಳಿನ ಸರ್ವಸದಸ್ಯರ ಸಭೆಯಲ್ಲಿ ಒಂದು ನಿರ್ಣಯ ಮಂಡಿಸುತ್ತೇನೆ. ರೋಗಿಯ ಒಪ್ಪಿಗೆ ಪಡೆದು, ಹೆಸರು ತೆಗೆದು, ಇಸಿಜಿ ಮತ್ತು ಹೃದಯದ ಚಿತ್ರಗಳನ್ನು ಸಂಶೋಧಕರೆಲ್ಲರಿಗೂ ಸಿಗುವಂತೆ ಒಂದೆಡೆ ಸೇರಿಸಬೇಕು. ಮೊದಲ ಕಂತಿನಲ್ಲಿ ರುಮ್ಯಾಟಿಕ್ ರೋಗಿಗಳ ದಾಖಲೆಗಳೇ ಬರಲಿ. ವೈದ್ಯರು ಒಬ್ಬರು, ಗಣಿತಜ್ಞರು ಒಬ್ಬರು ಜೊತೆಯಾಗಿ ಇದರ ಹೊಣೆ ಹೊರಬೇಕು; ಮುಂದೆ ಬರುವವರು ಇಂದು ಸಂಜೆಯೊಳಗೆ ಕಾರ್ಯದರ್ಶಿಗಳಿಗೆ ಹೆಸರು ಕೊಡಿ.