ರಸೀದಿ ಪುಸ್ತಕದ ಋಣ



ವಿದ್ಯಾರ್ಥಿ ಸಂಘಗಳ ಸಮಾಜಸೇವೆ ಮತ್ತು ನಿಧಿ ಸಂಗ್ರಹದ ಬಗ್ಗೆ ಎರಡು ದಿನ ಚರ್ಚಿಸಲು ಇಲ್ಲಿ ಸೇರಿದ್ದೇವೆ. ಈ ಚರ್ಚೆಗೆ ಪುಣೆಗಿಂತ ತಕ್ಕ ಊರು ನನಗೆ ತೋಚುವುದಿಲ್ಲ. ಮನೆ ಬಾಗಿಲಲ್ಲಿ ನಿಂತು ಕೇಳಿ, ಬಂದ ಕಾಸಿನಲ್ಲಿ ಶಾಲೆ, ಆಶ್ರಮ, ವಸತಿಗೃಹ ಕಟ್ಟುವುದನ್ನು ಒಂದು ವ್ರತದಂತೆ ನಡೆಸಿಕೊಂಡು ಬಂದ ಊರಿದು.

ಮಹರ್ಷಿ ಧೋಂಡೊ ಕೇಶವ ಕರ್ವೆ ಇಲ್ಲಿನ ಫರ್ಗ್ಯುಸನ್ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದವರು. 1896ರಲ್ಲಿ ಅವರು ವಿಧವೆಯರಿಗಾಗಿ ಅನಾಥ ಬಾಲಿಕಾಶ್ರಮ ಆರಂಭಿಸಿದರು. 1900ರಲ್ಲಿ ಅದು ಊರಾಚೆಯ ಹಿಂಗಣೆಯ ಒಂದು ಗುಡಿಸಲಿಗೆ ಹೋಯಿತು. ಕಾಲೇಜಿನ ಪಾಠ ಮುಗಿಸಿ, ಮಳೆ ಕೆಸರೆನ್ನದೆ, ಕರ್ವೆ ಅಲ್ಲಿಗೆ ನಡೆದೇ ಹೋಗುತ್ತಿದ್ದರು. ಆಶ್ರಮಕ್ಕಾಗಿ ಊರೂರು ತಿರುಗಿ ದೇಣಿಗೆ ಕೇಳಿದರು. ತಮ್ಮ 5,000 ರೂಪಾಯಿಯ ಜೀವವಿಮೆಯನ್ನೂ ಆಶ್ರಮಕ್ಕೇ ಬಿಟ್ಟುಕೊಟ್ಟರು. ತನ್ನದನ್ನು ಕೊಟ್ಟವನು ಕೇಳಿದಾಗ ಜನ ಇಲ್ಲವೆನ್ನುವುದು ಕಷ್ಟ.

ಆ ಸಂಸ್ಥೆಯ ‘ಭಾವುಬೀಜ್ ನಿಧಿ’ ನನಗೆ ಬಹಳ ಪ್ರಿಯವಾದದ್ದು. ದೀಪಾವಳಿಯ ಸೋದರ ಬಿದಿಗೆಯಂದು ಅಕ್ಕತಂಗಿಯರು ಆರತಿ ಎತ್ತುತ್ತಾರೆ, ಅಣ್ಣತಮ್ಮಂದಿರು ತಟ್ಟೆಗೆ ಕಾಸು ಹಾಕುತ್ತಾರೆ. ಅದೇ ಹಬ್ಬದ ಹೊತ್ತಿನಲ್ಲಿ ಕಾರ್ಯಕರ್ತರು ಮನೆಮನೆಗೆ ಹೋಗಿ, ಆಶ್ರಮದಲ್ಲಿ ಓದುವ ತಂಗಿಯರಿಗೂ ನಿಮ್ಮದೊಂದು ಕಾಣಿಕೆ ಇರಲಿ ಎಂದು ಕೇಳುತ್ತಾರೆ. ಕೊಟ್ಟವರೆಲ್ಲ ಕಂಡರಿಯದ ಹೆಣ್ಣುಮಕ್ಕಳಿಗೆ ಒಡಹುಟ್ಟಿದವರಾಗುತ್ತಾರೆ. ಕಾಲೇಜು ಸಂಘಗಳು ಸೋದರಭಾವದ ಮಾತನ್ನು ಪದೇ ಪದೇ ಆಡುತ್ತವೆ. ಆ ಮಾತಿನ ಅರ್ಥ ಈ ತಟ್ಟೆಯಲ್ಲಿದೆ.

ಪೈಸಾ ಫಂಡ್ ಕೂಡ ಈ ಸೀಮೆಯದೇ. ಅಂತಾಜಿ ದಾಮೋದರ ಕಾಳೆಯವರು ತಲೆಗೊಂದು ಪೈಸೆಯಂತೆ ಕೂಡಿಸಿದ ಹಣದಿಂದ 1908ರಲ್ಲಿ ಹತ್ತಿರದ ತಳೇಗಾಂವ್‌ನಲ್ಲಿ ಗಾಜಿನ ಕಾರ್ಖಾನೆ ಎದ್ದಿತು. ಪೈಸೆ ಕೊಟ್ಟ ಕೂಲಿಯವನಿಗೂ ಆ ಕಾರ್ಖಾನೆ ನನ್ನದು ಎನ್ನುವ ಹಕ್ಕಿತ್ತು.

ಕನ್ನಡ ನಾಡಿಗೂ ಈ ಗಾಳಿ ಬೀಸಿತು. ಪುಣೆಯ ಡೆಕ್ಕನ್ ಎಜುಕೇಶನ್ ಸೊಸೈಟಿಯ ಆಜೀವ ಸದಸ್ಯರು ತಿಂಗಳಿಗೆ 75 ರೂಪಾಯಿ ಸಂಬಳಕ್ಕೆ 20 ವರ್ಷ ದುಡಿಯುವ ಪಣ ತೊಡುತ್ತಿದ್ದರು. ಅದೇ ಮಾದರಿಯಲ್ಲಿ 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಏಳು ಮಂದಿ ಅಧ್ಯಾಪಕರು ಕೆ.ಎಲ್.ಇ. ಶಿಕ್ಷಣ ಸಂಸ್ಥೆ ಕಟ್ಟಿದರು. ನಮ್ಮ ಜನ ಅವರನ್ನು ಸಪ್ತರ್ಷಿಗಳೆಂದೇ ಕರೆದರು.

ಬಡ ವಿದ್ಯಾರ್ಥಿಗಳು ಪುಣೆಯಲ್ಲಿ ಮನೆಮನೆಯ ಅನ್ನವನ್ನು, ಅಂದರೆ ಮಾಧುಕರಿಯನ್ನು, ಬೇಡಿ ಓದಿದರು, ನಮ್ಮ ಕಡೆ ದಿನಕ್ಕೊಂದು ಮನೆಯಲ್ಲಿ ವಾರಾನ್ನ ಉಂಡು ಓದಿದರು. ಇಂದು ನಿಧಿ ಕೂಡಿಸಲು ಹೊರಡುವ ವಿದ್ಯಾರ್ಥಿ ಇದನ್ನು ಮರೆಯಬಾರದು. ಊರಿನ ಅನ್ನದಿಂದಲೇ ನಮ್ಮ ವಿದ್ಯೆ ಬೆಳೆದಿದೆ. ಆದ್ದರಿಂದ ಸೇವೆಯೆಂದರೆ ಉಪಕಾರ ಮಾಡಿದಂತಲ್ಲ, ಸಾಲ ತೀರಿಸಿದಂತೆ.

ಇನ್ನು ಇಂದಿನ ಮಾತು. ಗಾಂಧಿ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು, ರಾಷ್ಟ್ರೀಯ ಸೇವಾ ಯೋಜನೆ 37 ವಿಶ್ವವಿದ್ಯಾಲಯಗಳ 40,000 ವಿದ್ಯಾರ್ಥಿಗಳೊಂದಿಗೆ ಆರಂಭವಾಯಿತು. ಸ್ವಯಂಸೇವಕರು ಎರಡು ವರ್ಷಗಳಲ್ಲಿ 240 ಗಂಟೆ ದುಡಿಯಬೇಕು, ಏಳು ದಿನ ಶಿಬಿರದಲ್ಲಿರಬೇಕು. ಅಮೆರಿಕದಲ್ಲೂ ಗ್ರೀಕ್ ಅಕ್ಷರಗಳ ಹೆಸರಿನ ವಿದ್ಯಾರ್ಥಿ ಸಂಘಗಳು ಇಂಥ ಸೇವೆ ಮಾಡುತ್ತವೆ. ಅಲ್ಲಿನ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 1973ರಿಂದ ನೃತ್ಯ ಮ್ಯಾರಥಾನ್ ನಡೆಸುತ್ತಿದ್ದಾರೆ. ಈಗ ಅದರಲ್ಲಿ ಕೂರದೆ, ಮಲಗದೆ 46 ಗಂಟೆ ಇದ್ದು ಕ್ಯಾನ್ಸರ್ ಪೀಡಿತ ಮಕ್ಕಳಿಗಾಗಿ ಹಣ ಕೂಡಿಸುತ್ತಾರೆ. ದೇಶ ಯಾವುದಾದರೂ ಮೈ ದಣಿಸಿದವನ ಮಾತಿಗೇ ಬೆಲೆ.

ಈಗ ನನ್ನದೊಂದು ತಪ್ಪೊಪ್ಪಿಗೆ. ಧಾರವಾಡದಲ್ಲಿ ಓದುತ್ತಿದ್ದಾಗ ನಮ್ಮ ಹಾಸ್ಟೆಲ್‌ನ ಹುಡುಗರು ನೆರೆ ಸಂತ್ರಸ್ತರಿಗಾಗಿ ಪೇಟೆಯಲ್ಲಿ ಹಣ ಕೂಡಿಸಿದೆವು. ದೊಡ್ಡ ಮೊತ್ತಕ್ಕೆ ರಸೀದಿ ಹರಿದುಕೊಟ್ಟೆವು. ಚಿಲ್ಲರೆಯೆಲ್ಲ ಡಬ್ಬಿಗೆ ಬಿತ್ತು. ಹೂ ಮಾರುವ ಅಜ್ಜಿಯೊಬ್ಬಳು ಗೋಣಿತಟ್ಟಿನ ಕೆಳಗಿಂದ ಐದು ರೂಪಾಯಿ ತೆಗೆದು, ಹೂವಿನ ನೀರು ತಾಕಿದ್ದ ನೋಟನ್ನು ಸೆರಗಿನಲ್ಲಿ ಒರೆಸಿ ಹಾಕಿದಳು. ಮರುವರ್ಷ ಮತ್ತೆ ಹೋದಾಗ ಕೇಳಿದಳು: “ಹ್ವಾದ ವರ್ಷದ ರೊಕ್ಕ ಯಾರಿಗೆ ಮುಟ್ಟಿತು, ತಮ್ಮಾ?”

ಹಣವನ್ನು ನಾವು ತಲುಪಿಸಿದ್ದೆವು. ಯಾವ ಊರಿಗೆ, ಯಾವ ಮನೆಗೆ ಎಂದು ಹೇಳಲು ಮಾತ್ರ ನಮ್ಮಲ್ಲಿ ಒಂದು ಸಾಲಿನ ಲೆಕ್ಕವೂ ಇರಲಿಲ್ಲ. ನಾನು ತಲೆತಗ್ಗಿಸಿದೆ. ಅವಳು ಅಂದೂ ಐದು ರೂಪಾಯಿ ಹಾಕಿದಳು. ಅದು ಇಂದಿಗೂ ನನ್ನ ಎದೆಯ ಮೇಲಿನ ಭಾರ.

ಆದ್ದರಿಂದ ಈ ವಿಚಾರ ಸಂಕಿರಣದಲ್ಲಿ ಮೂರು ಮಾತು ಇತ್ಯರ್ಥವಾಗಲಿ ಎಂಬುದು ನನ್ನ ಆಶಯ. ಒಂದು, ಕೇಳುವ ಮೊದಲು ಸಂಘದ ಪ್ರತಿಯೊಬ್ಬರೂ ತಮ್ಮ ಪಾಲು ಹಾಕಲಿ. ಹಣವಿಲ್ಲದವರು ದುಡಿಮೆ ಕೊಡಲಿ, ಬಿಡುವಿನ ಹೊತ್ತು ಕೊಡಲಿ. ಎರಡು, ದೊಡ್ಡ ಪ್ರಾಯೋಜಕರ ಚೆಕ್ಕಿಗೆ ಕಾಯುವುದಕ್ಕಿಂತ ನೂರು ಮನೆ ಹತ್ತಿ ಇಳಿಯೋಣ. ನೂರು ಮನೆಯ ಕಷ್ಟಸುಖ ಕೇಳಿದ ಹುಡುಗನಿಗೆ ತನ್ನ ಊರು ಪರಿಚಯವಾಗುತ್ತದೆ. ಮೂರು, ಲೆಕ್ಕ. ಎಷ್ಟು ಬಂತು, ಯಾರಿಗೆ ಹೋಯಿತು, ಎಷ್ಟು ಉಳಿಯಿತು ಎಂಬುದನ್ನು ಒಂದೇ ಹಾಳೆಯಲ್ಲಿ, ಜನರ ಭಾಷೆಯಲ್ಲಿ ಬರೆದು, ಕೇಳಿದ ಬೀದಿಗೇ ಹಿಂದಿರುಗಿ ಒಪ್ಪಿಸಬೇಕು. ಪುಣೆಯಲ್ಲಾದರೆ ಮರಾಠಿಯಲ್ಲಿ, ಧಾರವಾಡದಲ್ಲಾದರೆ ಕನ್ನಡದಲ್ಲಿ.

ಹಣ ಕೂಡಿಸಿ ಫೋಟೊ ತೆಗೆಸಿಕೊಂಡಲ್ಲಿಗೆ ನಮ್ಮ ಕೆಲಸ ಅರ್ಧ ಮಾತ್ರ ಆಗಿರುತ್ತದೆ. ನಾಡಿದ್ದು ನಿಮ್ಮ ನಿಮ್ಮ ಕಾಲೇಜಿಗೆ ಮರಳಿದ ಮೇಲೆ ಹಳೆಯ ರಸೀದಿ ಪುಸ್ತಕವೊಂದನ್ನು ತೆರೆಯಿರಿ. ಕಾರ್ಬನ್ ಪ್ರತಿಯಲ್ಲಿ ಮಸುಕಾಗಿರುವ ಹೆಸರುಗಳನ್ನು ಓದಿ. ಅವರಲ್ಲಿ ಒಬ್ಬರ ಮನೆಗಾದರೂ ಹೋಗಿ, ನಿಮ್ಮ ಹಣ ಇಂಥವರಿಗೆ ಮುಟ್ಟಿತು ಎಂದು ಹೇಳಿ ಬನ್ನಿ. ಆ ಅಜ್ಜಿಗೆ ನಾನು ಕೊಡಲಾಗದ ಉತ್ತರವನ್ನು ನೀವು ಕೊಟ್ಟಂತಾಗುತ್ತದೆ.