ದೀಪಾವಳಿ ನಂತರದ ಹಾಜರಿ



ಈ ಸಮಾವೇಶಕ್ಕೆ ಅಧ್ಯಕ್ಷರಾಗಿ ಬರ್ರಿ ಅಂತ ಕರೆದಾಗ, ಐಟಿಐಯಲ್ಲಿ ಫಿಟ್ಟರ್ ಟ್ರೇಡು ಕಲಿಸಿ ನಿವೃತ್ತನಾದವನನ್ನು ಯಾಕೆ ಹುಡುಕಿಕೊಂಡು ಬಂದಿರಿ ಅಂತ ಕೇಳಿದೆ. ಗುರುಮಠಕಲ್ಲಿನವರು ಬಿಡಲಿಲ್ಲ. "ನಮ್ಮ ಹುಡುಗರು ಯಾವ ಕೋರ್ಸು ತಗೋಬೇಕು, ಅಷ್ಟು ಹೇಳಿ ಹೋಗ್ರಿ ಸರ" ಅಂದರು. ಅಷ್ಟು ಹೇಳುತ್ತೇನೆ, ಅವರು ಕೇಳದ ಒಂದು ಮಾತನ್ನೂ ಸೇರಿಸುತ್ತೇನೆ.

ಮೊದಲು ಲೆಕ್ಕದ ಮಾತು. ಫಿಟ್ಟರ್, ಎಲೆಕ್ಟ್ರಿಷಿಯನ್ ಎರಡು ವರ್ಷ. ವೆಲ್ಡರ್, ಕಂಪ್ಯೂಟರಿನ ಕೋಪಾ ಒಂದು ವರ್ಷ. ವೆಲ್ಡರ್‌ಗೆ ಎಂಟನೇ ತರಗತಿ ಪಾಸಾಗಿದ್ದರೆ ಸಾಕು. ಎರಡು ವರ್ಷದ ಐಟಿಐ ಮುಗಿಸಿದವನು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರಬಹುದು, ಡಿಪ್ಲೊಮಾ ಮುಗಿಸಿದವನು ಬಿಇ ಎರಡನೇ ವರ್ಷಕ್ಕೆ. ಇದು ಗೊತ್ತಿಲ್ಲದೆ ಐಟಿಐ ಅಂದರೆ ಓದಿಗೆ ತಿಲಾಂಜಲಿ ಅಂತ ತಿಳಿದ ಮನೆಗಳು ಇನ್ನೂ ಬಹಳ ಇವೆ. ಸಂವಿಧಾನದ 371ಜೆ ವಿಧಿ ಬಂದ ಮೇಲೆ ನಮ್ಮ ಭಾಗದ ಸಂಸ್ಥೆಗಳಲ್ಲಿ ಶೇ 70, ರಾಜ್ಯದ ಉಳಿದ ಕಡೆ ಶೇ 8ರಷ್ಟು ಸೀಟು ಈ ಭಾಗದ ಮಕ್ಕಳಿಗೆ ಅಂತ 2013ರಲ್ಲೇ ಆದೇಶವಾಗಿದೆ. ಈ ಭಾಗದವರು ಅನ್ನುವ ಪ್ರಮಾಣಪತ್ರವನ್ನು ಅಡ್ಮಿಷನ್ನಿನ ಕಡೇ ದಿನ ಕಚೇರಿ ಮೆಟ್ಟಿಲ ಮೇಲೆ ಕೂತು ಬರೆಸಬೇಡಿ, ಇವತ್ತೇ ಮಾಡಿಸಿಟ್ಟುಕೊಳ್ಳಿ.

ಆದರೆ ಕೋರ್ಸಿನ ಹೆಸರು ಕೇಳುವವರು ಅದರೊಳಗೆ ಏನಿದೆ ಅಂತ ಕೇಳುವುದಿಲ್ಲ. ಫಿಟ್ಟರ್ ಸೇರಿದ ಹುಡುಗನಿಗೆ ಮೊದಲು ಕೊಡುವುದು ಒಂದು ಕಬ್ಬಿಣದ ತುಂಡು ಮತ್ತು ಒಂದು ಫೈಲು. ಫೈಲು ಅಂದರೆ ಕಚೇರಿಯದಲ್ಲ, ಅದು ಮುಂದೆ ಸರಿಯುವುದೇ ಅಪರೂಪ. ಇದು ಲೋಹ ಉಜ್ಜುವ ಅರ. ತುಂಡನ್ನು ವೈಸಿಗೆ ಕಚ್ಚಿಸಿ ಉಜ್ಜುತ್ತಾನೆ. ಮೂರನೇ ದಿನಕ್ಕೆ ಅಂಗೈಯಲ್ಲಿ ಬೊಬ್ಬೆ. ಆಮೇಲೆ ನಾನು ಗುನ್ಯಾ, ಅಂದರೆ ಮೂಲೆಮಟ್ಟ, ಇಟ್ಟು ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದೆ. ಗುನ್ಯಾದ ಅಂಚಿನ ಕೆಳಗೆ ಕೂದಲೆಳೆಯಷ್ಟು ಬೆಳಕು ನುಸುಳಿದರೂ ಮತ್ತೆ ಉಜ್ಜು. ಬೈಯುವ ಅಗತ್ಯ ಬೀಳುತ್ತಿರಲಿಲ್ಲ, ಬೆಳಕೇ ಹೇಳುತ್ತಿತ್ತು. ಇದನ್ನು ಮೂರು ತಿಂಗಳ ಸರ್ಟಿಫಿಕೇಟಿನಲ್ಲಿ ಕಲಿಸುತ್ತೇವೆ ಅನ್ನುವವರನ್ನು ನಾನು ನಂಬುವುದಿಲ್ಲ. ಯಂತ್ರ ಬಂದರೆ ಎಲ್ಲಾ ಬಂತು ಅನ್ನುವವರನ್ನೂ ನಂಬುವುದಿಲ್ಲ. ನಾನು ದುಡಿದ ಒಂದು ಕಡೆ ಲೇಥ್ ಬಂದು, ಥ್ರೀ ಫೇಸ್ ಲೈನಿಲ್ಲದೆ ಒಂದಿಡೀ ವರ್ಷ ಕಟ್ಟಿಗೆ ಪೆಟ್ಟಿಗೆಯಲ್ಲೇ ಕೂತಿತ್ತು. ಅದರ ಮೇಲೆ ನಾವು ಚಹಾದ ಕಪ್ಪು ಇಡುತ್ತಿದ್ದೆವು.

ಇಲ್ಲಿಗೆ ಯಾವ ಟ್ರೇಡು ಬೇಕು? ಶಹಾಪುರ, ಸುರಪುರದ ಕಡೆ ನಾರಾಯಣಪುರ ಜಲಾಶಯದ ಕಾಲುವೆ ನೀರಿದೆ. ಗುರುಮಠಕಲ್ಲಿನ ರೈತನಿಗೆ ಮಳೆ, ಕೆರೆ, ಬೋರು. ತೊಗರಿ, ಹತ್ತಿ ಹೊಲದಲ್ಲಿ ಮೋಟಾರು ಸುಟ್ಟಿತು ಅಂದರೆ ಅದನ್ನು ಹೇರಿಕೊಂಡು ಯಾದಗಿರಿಗೋ ರಾಜ್ಯದ ಗಡಿ ದಾಟಿ ನಾರಾಯಣಪೇಟೆಗೋ ಹೋಗಬೇಕು. ಹೋಗಿ ಬರುವಷ್ಟರಲ್ಲಿ ಬೆಳೆ ಬಾಡುತ್ತದೆ. ವೈಂಡಿಂಗ್ ಬಲ್ಲ ಎಲೆಕ್ಟ್ರಿಷಿಯನ್ ಹೋಬಳಿಗೊಬ್ಬ ಇದ್ದರೂ ಸಾಕು. ಇನ್ನು ಸೈದಾಪುರದ ಹತ್ತಿರ ಕಡೇಚೂರು. ಕೈಗಾರಿಕೆಗೆ ಅಂತ ಅಲ್ಲಿ 3,000 ಎಕರೆಗೂ ಹೆಚ್ಚು ಜಮೀನು ಹೋಗಿದೆ. ರೈಲ್ವೆ ಬೋಗಿ ಕಾರ್ಖಾನೆ ಬಂದಿದೆ. ಬೋಗಿ ಅಂದರೆ ನಾವು ಕೂರುವ ಡಬ್ಬಿ ಅಂತ ತಿಳಿದಿದ್ದೇವೆ; ಕಾರ್ಖಾನೆಯ ಮಾತಿನಲ್ಲಿ ಡಬ್ಬಿಯ ಕೆಳಗೆ ಗಾಲಿ ಹಿಡಿದಿರುವ ಉಕ್ಕಿನ ಚೌಕಟ್ಟು. ಉಕ್ಕಿನ ತಗಡು ಕತ್ತರಿಸಿ, ವೆಲ್ಡ್ ಮಾಡಿ ಕೂಡಿಸುವ ಕೆಲಸ ಅದು. ಜಮೀನು ಬಿಟ್ಟುಕೊಟ್ಟ ಮನೆಯ ಹುಡುಗ ಇಂಥ ಕಾರ್ಖಾನೆಯ ಗೇಟಿನಲ್ಲಿ ಸೀಟಿ ಹಿಡಿದು ನಿಲ್ಲಬೇಕೋ, ಒಳಗೆ ವೆಲ್ಡಿಂಗ್ ಹೋಲ್ಡರ್ ಹಿಡಿಯಬೇಕೋ ಅನ್ನುವುದನ್ನು ಒಂದು ವರ್ಷದ ತರಬೇತಿ ತೀರ್ಮಾನಿಸುತ್ತದೆ.

ಈಗ ನೀವು ಕೇಳದ ಮಾತು. ಹಾಜರಿ ಪುಸ್ತಕ ತೆಗೆದು ನೋಡಿ. ಆಗಸ್ಟಿನಲ್ಲಿ ತರಗತಿ ತುಂಬಿರುತ್ತದೆ. ದೀಪಾವಳಿ ದಾಟಿತೋ, ತಾಂಡಾದಿಂದ ಬೆಂಗಳೂರಿಗೆ, ಪುಣೆಗೆ, ಹೈದರಾಬಾದಿಗೆ ಬಸ್ಸು ತುಂಬುತ್ತವೆ, ನಮ್ಮ ಬೆಂಚು ಖಾಲಿಯಾಗುತ್ತವೆ. ಯುಗಾದಿ ಹೊತ್ತಿಗೆ ಹುಡುಗ ತಿರುಗಿ ಬಂದಿರುತ್ತಾನೆ, ಆದರೆ ಪರೀಕ್ಷೆಗೆ ಬೇಕಾದ ಶೇ 80 ಹಾಜರಿ ಹೋಗಿರುತ್ತದೆ. ಅವನನ್ನು ನಾವು "ಡ್ರಾಪ್‌ಔಟ್" ಅಂತ ಬರೆಯುತ್ತೇವೆ. ಅವನು ಕಲಿಕೆ ಬಿಟ್ಟವನಲ್ಲ, ಸೆಂಟ್ರಿಂಗ್ ಹಲಗೆ ಹೊತ್ತು ಮನೆಯ ಸಾಲ ತೀರಿಸಿ ಬಂದವನು. ಗುಳೆ ಹೋದವರ ಸಣ್ಣ ಮಕ್ಕಳಿಗೆ ಋತುಮಾನ ವಸತಿ ಶಾಲೆ ಮಾಡಿದ್ದುಂಟು. ಹದಿನೇಳು ವರ್ಷದವನಿಗೂ ಅಪ್ಪ ಅವ್ವ ಊರಲ್ಲಿಲ್ಲದ ಆ ಐದು ತಿಂಗಳು ಒಂದು ಕೋಣೆ, ಎರಡು ಹೊತ್ತಿನ ರೊಟ್ಟಿ, ಕೈಯಲ್ಲಿ ಒಂದಿಷ್ಟು ಕಾಸು ಬೇಕು. ಹೊಸ ಟ್ರೇಡು ಕೊಡಿ ಅನ್ನುವ ಠರಾವಿಗಿಂತ ಮೊದಲು, ಹಾಸ್ಟೆಲ್ ಕೊಡಿ ಅನ್ನುವ ಠರಾವು ಈ ವೇದಿಕೆಯಿಂದ ಹೋಗಲಿ. ಅಧ್ಯಕ್ಷನಾಗಿ ನಾನು ಇಡುವ ಬೇಡಿಕೆ ಇದೊಂದೇ.

ಇನ್ನು ಹೆಣ್ಣುಮಕ್ಕಳ ವಿಷಯ. ಹುಡುಗಿ ಅಂದರೆ ಕೋಪಾ ಅಥವಾ ಹೊಲಿಗೆ ಅಂತ ಫಾರ್ಮ್ ತುಂಬುವವರೇ ನಿರ್ಧಾರ ಮಾಡಿಬಿಡುತ್ತಾರೆ. ಆದರೆ ಬೋರಿನ ಮೋಟಾರಿನೊಳಗೆ ತಾಮ್ರದ ತಂತಿ ಸುತ್ತುವುದಕ್ಕೆ ತೋಳಬಲಕ್ಕಿಂತ ಬೆರಳಿನ ಹದ ಮುಖ್ಯ. ಹಳೇ ಸುತ್ತು ಕತ್ತರಿಸಿ ಎಸೆಯುವ ಮೊದಲು ಎಷ್ಟು ಸುತ್ತಿದೆ ಅಂತ ಎಣಿಸಬೇಕು, ತಂತಿಯ ಗೇಜು ನೋಡಬೇಕು. ಎಣಿಕೆ ತಪ್ಪಿದರೆ ಮೋಟಾರು ಬಿಸಿಯಾಗಿ ಮತ್ತೆ ಸುಡಬಹುದು.

ಪೆಂಡಾಲಿನ ಹಿಂದೆ ಸುಟ್ಟ ವಾರ್ನಿಶಿನ ವಾಸನೆ ಬರುತ್ತಿದೆಯಲ್ಲ, ಅಡುಗೆ ಸೀದದ್ದಲ್ಲ, ಗಾಬರಿ ಬೇಡ. ಒಬ್ಬ ರೈತರ ಐದು ಎಚ್‌ಪಿ ಮೋಟಾರು ತರಿಸಿದ್ದೇನೆ. ಊಟ ಆದ ಮೇಲೆ ಎಲೆಕ್ಟ್ರಿಷಿಯನ್ ಓದುತ್ತಿರುವ ಮೂರು ಹುಡುಗಿಯರು ಅದನ್ನು ಬಿಚ್ಚುತ್ತಾರೆ. ತಂದೆತಾಯಂದಿರು ಹತ್ತಿರ ನಿಂತು ಅವರ ಜೊತೆ ಸುತ್ತು ಎಣಿಸಿರಿ.